ನಡುರಾತ್ರಿಯ ನೆತ್ತರು

ಅಮರ್ಜಾ ನದಿಯು ಆಳಂದ ತಾಲ್ಲೂಕಿನಲ್ಲಿ ಹರಿದು, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಅಲ್ಲಿಂದ ಜೇವರ್ಗಿಯ ಸೀಮೆಯತ್ತ ಸಾಗುತ್ತಾಳೆ. ಕಲಬುರಗಿ ಜಿಲ್ಲೆಯ ಈ ಕಪ್ಪುಮಣ್ಣಿನ ನಾಡಿನಲ್ಲಿ ತೊಗರಿ, ಜೋಳ ಬೆಳೆಯುವ ಜನರು ಬೇಗ ಉಂಡು ಬೇಗ ಮಲಗುವವರು. ಇಂತಹ ಒಂದು ಹಳ್ಳಿಗೆ ರಾತ್ರಿ ಒಂಬತ್ತು ಗಂಟೆ ಕಳೆದ ಮೇಲೆ ಆರೋಗ್ಯ ಇಲಾಖೆಯ ನಾಲ್ಕಾರು ಮಂದಿ ಬ್ಯಾಟರಿ ಹಿಡಿದು ಬರುವುದುಂಟು. ಅವರ ಪೆಟ್ಟಿಗೆಯಲ್ಲಿ ಇರುವುದು ಗಾಜಿನ ಪಟ್ಟಿಗಳು, ಸೂಜಿಗಳು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ, ಒಂದು ಪಟ್ಟಿಪುಸ್ತಕ, ಒಂದು ಪೆನ್ಸಿಲು. ಅವರು ಕದ ತಟ್ಟುತ್ತಾರೆ. "ಯಜಮಾನ್ರ, ಮಲಗೀರೇನ್ರಿ? ರಕ್ತ ತಪಾಸಣಿಗಿ ಬಂದೀವ್ರಿ" ಎನ್ನುತ್ತಾರೆ. ಒಳಗಿನಿಂದ ಬರುವ ಉತ್ತರವನ್ನು ಊಹಿಸುವುದು ಕಷ್ಟವಲ್ಲ: "ಹಗಲಿನಾಗ ಬರ್ಲಾಕ ಏನಾಗಿತ್ರೀ ನಿಮಗ?"

ಪ್ರಶ್ನೆ ನ್ಯಾಯವಾದುದೇ. ದಿನವೆಲ್ಲ ಹೊಲದಲ್ಲಿ ದುಡಿದು ಕಣ್ಣು ಮುಚ್ಚಿದವನನ್ನು ಎಬ್ಬಿಸಿ ಬೆರಳಿಗೆ ಸೂಜಿ ಚುಚ್ಚುವುದೆಂದರೆ ಸಣ್ಣ ಕಿರುಕುಳವಲ್ಲ. ಆದರೆ ಬಂದವರು ಹುಡುಕುತ್ತಿರುವ ವಸ್ತು ಹಗಲಿನ ನೆತ್ತರಿನಲ್ಲಿ ಸಿಕ್ಕುವುದಿಲ್ಲ. ಇರುಳಿನ ನೆತ್ತರಿನಲ್ಲಿ ಮಾತ್ರ ಅದು ಕಾಣಿಸಿಕೊಳ್ಳುತ್ತದೆ; ಅದೂ ಸೂಕ್ಷ್ಮದರ್ಶಕದ ಕೆಳಗೆ, ಗಾಜಿನ ಮೇಲೆ ಸರಿಯಾಗಿ ಹರಡಿ, ಸರಿಯಾಗಿ ಒಣಗಿಸಿ, ಸರಿಯಾಗಿ ಬಣ್ಣ ಹಾಕಿದರೆ ಮಾತ್ರ. ಈ ವಿಚಿತ್ರವನ್ನು ತಿಳಿಯಬೇಕಾದರೆ ಮನುಷ್ಯನ ದೇಹದ ಜೀವಕೋಶಗಳನ್ನು ಕಣ್ಣಿಗೆ ಕಾಣುವಂತೆ ಮಾಡುವ ಕಲೆ ಎಂತಹುದೆಂಬುದನ್ನು ಮೊದಲು ಅರಿಯಬೇಕು.

ಜೀವಕೋಶಗಳು ನಮ್ಮ ಕಣ್ಣಿಗೆ ಕಾಣದಿರುವುದಕ್ಕೆ ಕಾರಣಗಳು ಎರಡು. ಅವು ಬಹಳ ಚಿಕ್ಕವು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಎಷ್ಟು ಚಿಕ್ಕವು? ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನು ಎಂದು ಹೆಸರು. ಈಗಿನ ಪಠ್ಯಪುಸ್ತಕಗಳು ಇದನ್ನೇ ಮೈಕ್ರೋಮೀಟರು ಎನ್ನುತ್ತವೆ. ನಮ್ಮ ಕೆನ್ನೆಯ ಒಳಮೈಯ ಒಂದು ಕೋಶದ ಅಗಲ ಸುಮಾರು 60 ಮೈಕ್ರಾನು. ನೆತ್ತರಿನ ಕೆಂಪು ಕಣದ ಅಗಲ ಏಳೂವರೆ ಮೈಕ್ರಾನು ಮಾತ್ರ. ಕಲಬುರಗಿಯ ಒಂದು ತೊಗರಿ ಕಾಳು ಹೆಚ್ಚು ಕಡಿಮೆ 6 ಮಿಲಿಮೀಟರು ಎಂದಿಟ್ಟುಕೊಳ್ಳಿ. ಅದರ ಅಡ್ಡಗಲಕ್ಕೆ ಕೆನ್ನೆಯ ಕೋಶಗಳನ್ನು ಸಾಲಾಗಿ ಜೋಡಿಸಿದರೆ ನೂರು ಹಿಡಿಯುತ್ತವೆ, ಕೆಂಪು ಕಣಗಳನ್ನು ಜೋಡಿಸಿದರೆ ಎಂಟು ನೂರು.

ಎರಡನೆಯ ಕಾರಣವನ್ನು ಅನೇಕರು ಮರೆಯುತ್ತಾರೆ. ಜೀವಕೋಶವು ಬಹುಮಟ್ಟಿಗೆ ನೀರು. ಆದುದರಿಂದ ಅದು ಪಾರದರ್ಶಕ. ಎಷ್ಟೇ ದೊಡ್ಡದು ಮಾಡಿ ತೋರಿಸಿದರೂ ನೀರಿನೊಳಗಿನ ನೀರನ್ನು ಗುರುತಿಸುವುದು ಹೇಗೆ? ಮಸೂರಗಳು ಮೊದಲ ತೊಡಕನ್ನು ನೀಗಿದವು. ಎರಡನೆಯದನ್ನು ನೀಗಿದವರು, ಆಶ್ಚರ್ಯವೆನಿಸಬಹುದು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ರಸಾಯನಶಾಸ್ತ್ರಜ್ಞರು.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಚೂರನ್ನು ನೋಡಿ ಅದರ ಗೂಡುಗೂಡಾದ ರಚನೆಗೆ 'ಸೆಲ್' ಎಂಬ ಹೆಸರಿಟ್ಟನು. ಅವನು ಕಂಡದ್ದು ಸತ್ತ ಮರದ ಬರಿಯ ಗೋಡೆಗಳನ್ನು. ಕನ್ನಡದಲ್ಲಿ ನಾವು 'ಜೀವಕೋಶ' ಎಂದು ಕರೆದು, ಅವನಿಗೆ ಕಾಣದಿದ್ದ ಜೀವವನ್ನೂ ಆ ಹೆಸರಿನೊಳಗೆ ಸೇರಿಸಿಕೊಂಡಿದ್ದೇವೆ. ಈ ಒಂದು ವಿಷಯದಲ್ಲಿ ನಮ್ಮ ಪದವೇ ಮೇಲೆನ್ನಬೇಕು. ಇನ್ನು ಹತ್ತು ವರ್ಷ ಕಳೆಯುವುದರೊಳಗೆ, 1674ರಲ್ಲಿ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಅರಿವೆ ವ್ಯಾಪಾರಿ ಲ್ಯೂವೆನ್‌ಹುಕ್ ತಾನೇ ಉಜ್ಜಿ ಮಾಡಿದ ಒಂಟಿ ಮಸೂರದಲ್ಲಿ ನೆತ್ತರಿನ ಕೆಂಪು ಕಣಗಳನ್ನು ಕಂಡು ವರ್ಣಿಸಿದನು. 1683ರಲ್ಲಿ ತನ್ನ ಹಲ್ಲಿನ ಸಂದಿನ ಕಿಟ್ಟವನ್ನು ಕೆರೆದು, ಅದರಲ್ಲಿ ಚಲಿಸುವ ಜೀವಿಗಳಿರುವುದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡ ಈ ವ್ಯಾಪಾರಿಯ ದಾರಿಯಲ್ಲಿಯೇ ನಾವೂ ಮೊದಲು ನಡೆಯೋಣ.

ಮನುಷ್ಯನ ಕೋಶವನ್ನು ನೋಡಲು ಎಲ್ಲಕ್ಕಿಂತ ಸುಲಭವಾದ ಸ್ಥಳ ಕೆನ್ನೆಯ ಒಳಮೈ. ಅಲ್ಲಿಯ ಹೊರಪದರದ ಕೋಶಗಳು ನಾವು ಅಗಿಯುವಾಗಲೂ ಮಾತನಾಡುವಾಗಲೂ ಸವೆದು ಉದುರುತ್ತಲೇ ಇರುತ್ತವೆ. ಕೆಳಗಿನಿಂದ ಹೊಸವು ಏರಿ ಬರುತ್ತಿರುತ್ತವೆ. ಹೇಗೂ ಉದುರಲಿರುವುದನ್ನು ನಾವು ಎತ್ತಿಕೊಳ್ಳುವುದರಿಂದ ನೋವೂ ಇಲ್ಲ, ನಷ್ಟವೂ ಇಲ್ಲ. ಮೊದಲು ಬಾಯಿಯನ್ನು ನೀರಿನಿಂದ ಚೆನ್ನಾಗಿ ಮುಕ್ಕಳಿಸತಕ್ಕದ್ದು. ಇಲ್ಲದಿದ್ದರೆ ಊಟದ ರೊಟ್ಟಿಯ ಚೂರನ್ನೇ ನೋಡಿ ಬೆರಗಾಗಬೇಕಾದೀತು. ಹೊಸದಾದ ಒಂದು ಹಲ್ಲುಕಡ್ಡಿಯ ಮೊಂಡಾದ ಬದಿಯಿಂದ ಕೆನ್ನೆಯ ಒಳಭಾಗವನ್ನು ಮೃದುವಾಗಿ ನಾಲ್ಕು ಬಾರಿ ಸವರಿದರೆ ಸಾಕು. ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ಉಪ್ಪುನೀರನ್ನು ಇಟ್ಟು, ಕಡ್ಡಿಯ ತುದಿಯನ್ನು ಅದರಲ್ಲಿ ಕದಡಬೇಕು.

ಉಪ್ಪುನೀರೇ ಏಕೆ? ನೂರು ಮಿಲಿಲೀಟರು ನೀರಿಗೆ 0.9 ಗ್ರಾಮು ಉಪ್ಪು ಬೆರೆಸಿದರೆ ಅದರ ಸಾರವು ನಮ್ಮ ದೇಹದ್ರವದ ಸಾರಕ್ಕೆ ಸರಿಸಮವಾಗುತ್ತದೆ. ಬರಿಯ ನೀರಿನಲ್ಲಿಟ್ಟರೆ ಹೊರಗಿನ ನೀರು ಕೋಶದೊಳಕ್ಕೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ಕೆನ್ನೆಯ ಕೋಶ ಗಟ್ಟಿಯಾದುದರಿಂದ ಸ್ವಲ್ಪ ತಡೆದುಕೊಂಡೀತು. ನೆತ್ತರಿನ ಕೆಂಪು ಕಣವಾದರೋ ಒಡೆದೇ ಹೋಗುತ್ತದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಒಂದು ಕಡೆ ದೋಷವೆನಿಸಿದ್ದು ಇನ್ನೊಂದು ಕಡೆ ಗುಣವಾಗುವುದನ್ನು ಮುಂದೆ ಕಾಣಲಿದ್ದೇವೆ.

ಈಗ ಬಣ್ಣ. ಮೆತಿಲೀನ್ ಬ್ಲೂ ಎಂಬ ನೀಲಿಯ ದುರ್ಬಲ ದ್ರಾವಣವನ್ನು ಒಂದು ಹನಿ ಸೇರಿಸಿ ಒಂದೆರಡು ನಿಮಿಷ ಬಿಡಬೇಕು. ಶಾಲೆಯಲ್ಲಿ ಅದಿಲ್ಲದಿದ್ದರೆ ತೆಳುಮಾಡಿದ ಅಯೋಡಿನ್ ದ್ರಾವಣವಾದರೂ ಆದೀತು; ಆಗ ಚಿತ್ರ ಹಳದಿಯಾಗಿರುತ್ತದೆ, ಅಷ್ಟೇ. ಈ ಮೆತಿಲೀನ್ ನೀಲಿಯನ್ನು 1876ರಲ್ಲಿ ಜರ್ಮನಿಯ ಹೈನ್ರಿಖ್ ಕಾರೋ ತಯಾರಿಸಿದ್ದು ಬಟ್ಟೆಯ ಬಣ್ಣವಾಗಿಯೇ. ಅದು ಕೋಶದ ಎಲ್ಲ ಭಾಗಗಳಿಗೂ ಸಮನಾಗಿ ಹಿಡಿಯುವುದಿಲ್ಲ. ಅದರ ಕಣಗಳಲ್ಲಿ ಧನ ವಿದ್ಯುದಂಶವಿದೆ. ಕೋಶಕೇಂದ್ರದಲ್ಲಿ ಅಡಗಿರುವ ನ್ಯೂಕ್ಲಿಯಿಕ್ ಆಮ್ಲಗಳಲ್ಲಿ ಋಣ ವಿದ್ಯುದಂಶವಿದೆ. ಒಂದನ್ನೊಂದು ಸೆಳೆಯುವುದರಿಂದ ಕೋಶಕೇಂದ್ರವು ಗಾಢ ನೀಲಿಯಾಗುತ್ತದೆ. ಸುತ್ತಲಿನ ಜೀವರಸವು ತಿಳಿನೀಲಿಯಾಗಿಯೇ ಉಳಿಯುತ್ತದೆ. ಬಣ್ಣ ಹಾಕುವುದೆಂದರೆ ಅಲಂಕಾರವಲ್ಲ, ರಾಸಾಯನಿಕ ವಿಚಾರಣೆ.

ಮೇಲೆ ಮುಚ್ಚುವ ತೆಳುಗಾಜನ್ನು, ಅಂದರೆ ಕವರ್‌ಸ್ಲಿಪ್ಪನ್ನು, ನೇರವಾಗಿ ಬೀಳಿಸಬಾರದು. ಒಂದು ಅಂಚನ್ನು ಹನಿಯ ಬದಿಗೆ ತಾಗಿಸಿ, ಓರೆಯಾಗಿ ಹಿಡಿದು, ಮೆಲ್ಲನೆ ಇಳಿಸಿದರೆ ಗಾಳಿ ಹೊರಗೆ ಹೋಗುತ್ತದೆ. ಗಾಳಿಯ ಗುಳ್ಳೆ ಉಳಿದರೆ ಅದು ಕಪ್ಪು ಅಂಚಿನ ದುಂಡು ಬಳೆಯಂತೆ ಕಾಣುತ್ತದೆ. ಹೊಸ ವಿದ್ಯಾರ್ಥಿಗಳಲ್ಲಿ ಹತ್ತಕ್ಕೆ ಎಂಟು ಮಂದಿ ಮೊದಲ ದಿನ ಚಿತ್ರ ಬರೆಯುವುದು ಈ ಗುಳ್ಳೆಯನ್ನೇ ಎಂದರೆ ಅಧ್ಯಾಪಕರು ಯಾರೂ ಅಲ್ಲಗಳೆಯಲಾರರು. ನೋಡುವಾಗ ಮೊದಲು ಹತ್ತರ ಮಸೂರವನ್ನೇ ತಿರುಗಿಸಿಕೊಳ್ಳಬೇಕು. ಕಣ್ಣಿನ ಬಳಿಯ ಹತ್ತರ ಮಸೂರದೊಡನೆ ಕೂಡಿ ಒಟ್ಟು ನೂರು ಪಟ್ಟಾಗುತ್ತದೆ. ಆಗ ಒಂದು ಕೋಶವು ತೊಗರಿ ಕಾಳಿನಷ್ಟೇ ಕಾಣುತ್ತದೆ. ಅದನ್ನು ನಡುವಿಗೆ ತಂದುಕೊಂಡ ಮೇಲೆ ನಲವತ್ತರ ಮಸೂರಕ್ಕೆ ಹೋಗಬಹುದು. ಬೆಳಕು ಹೆಚ್ಚಿದ್ದರೆ ಚೆನ್ನಾಗಿ ಕಾಣುತ್ತದೆಂಬುದು ತಪ್ಪು ತಿಳಿವಳಿಕೆ. ಕೆಳಗಿನ ರಂಧ್ರವನ್ನು ಕಿರಿದು ಮಾಡಿ ಬೆಳಕನ್ನು ತಗ್ಗಿಸಿದಾಗಲೇ ಪಾರದರ್ಶಕ ವಸ್ತುವಿನ ಅಂಚುಗಳು ಎದ್ದು ಕಾಣುವುದು.

ಕಾಣುವುದೇನು? ಹಾಸುಗಲ್ಲುಗಳಂತೆ ಚಪ್ಪಟೆಯಾದ, ಒರಟು ಮೂಲೆಗಳ ಹಾಳೆಗಳು. ಕೆಲವು ಒಂಟಿಯಾಗಿ, ಕೆಲವು ಒಂದರ ಮೇಲೊಂದು ಬಿದ್ದು, ಕೆಲವು ಅಂಚು ಮಡಿಸಿಕೊಂಡು ಇರುತ್ತವೆ. ಪ್ರತಿಯೊಂದರ ನಡುವೆ ದಟ್ಟ ನೀಲಿಯ ಒಂದು ದುಂಡು ಬೊಟ್ಟು: ಅದೇ ಕೋಶಕೇಂದ್ರ. ನಿಮ್ಮ ತಂದೆತಾಯಿಗಳಿಂದ ಬಂದ ವಂಶಾನುಗತ ಗುಣಗಳ ಪೂರ್ಣ ಲೆಕ್ಕಪತ್ರ ಆ ಬೊಟ್ಟಿನೊಳಗಿದೆ. ಹಾಳೆಯ ಮೇಲೆ ಅಲ್ಲಲ್ಲಿ ಎಳ್ಳಿಗಿಂತ ಸಣ್ಣ ನೀಲಿ ಚುಕ್ಕೆಗಳು ಕಂಡರೆ ಅವು ಬಾಯಿಯಲ್ಲಿ ವಾಸಿಸುವ ಬ್ಯಾಕ್ಟೀರಿಯಾ, ಗಾಬರಿಗೆ ಕಾರಣವಿಲ್ಲ. ತಂಬಾಕು ಜಗಿಯುವವರ ಬಾಯಿಯಲ್ಲಿ ಹುಣ್ಣು ಮಾಯದೆ ಉಳಿದಾಗ ವೈದ್ಯರು ಮೊದಲು ಕೋಶಗಳನ್ನು ಕೆರೆದು ನೋಡುವುದೂ ಹೆಚ್ಚು ಕಡಿಮೆ ಇದೇ ರೀತಿಯಲ್ಲಿ. ಕೋಶಕೇಂದ್ರ ಮಿತಿಮೀರಿ ದೊಡ್ಡದಾಗಿ, ವಿಕಾರವಾಗಿದ್ದರೆ ಅದು ಕೆಟ್ಟ ಸೂಚನೆ. ಆಗ ಊತಕದ ಒಂದು ಚೂರನ್ನೇ ತೆಗೆದು ಪರೀಕ್ಷಿಸುತ್ತಾರೆ. ನೋಡಿ ಮುಗಿದ ಬಳಿಕ ಕಡ್ಡಿಯನ್ನೂ ಗಾಜನ್ನೂ ಕ್ರಿಮಿನಾಶಕ ದ್ರಾವಣದಲ್ಲಿ ಹಾಕತಕ್ಕದ್ದು. ಒಬ್ಬರ ಕಡ್ಡಿಯನ್ನು ಇನ್ನೊಬ್ಬರು ಮುಟ್ಟಲಾಗದು.

ನೆತ್ತರಿನ ಮಾತು ಬೇರೆ. ಹಿಂದೆ ಶಾಲೆಗಳಲ್ಲಿ ವಿದ್ಯಾರ್ಥಿಗಳ ಬೆರಳು ಚುಚ್ಚಿ ರಕ್ತವನ್ನು ತೋರಿಸುವ ವಾಡಿಕೆಯಿತ್ತು. ಹೆಪಟೈಟಿಸ್-ಬಿ, ಎಚ್.ಐ.ವಿ. ಮೊದಲಾದ ವೈರಸ್ಸುಗಳು ಒಂದೇ ಸೂಜಿಯಿಂದ ಹಲವರಿಗೆ ದಾಟಬಲ್ಲವೆಂದು ತಿಳಿದಿರುವ ಈ ಕಾಲದಲ್ಲಿ ಅದು ಸಲ್ಲದು. ತರಬೇತಿ ಪಡೆದವರು, ಪ್ರತಿಯೊಬ್ಬರಿಗೂ ಹೊಸ ಸೂಜಿ ಬಳಸಿ ಮಾಡಬೇಕಾದ ಕೆಲಸವಿದು. ಆದರೂ ಅದನ್ನು ಮಾಡುವ ಬಗೆಯನ್ನು ತಿಳಿಯುವುದರಿಂದ ಯಾವ ಅಪಾಯವೂ ಇಲ್ಲ.

ಬೆರಳನ್ನು ಸ್ಪಿರಿಟ್ಟಿನಿಂದ ಒರೆಸಿ, ಅದು ಆರಿದ ಮೇಲೆ ಚುಚ್ಚುತ್ತಾರೆ. ಗಾಜಿನ ಪಟ್ಟಿಯ ಒಂದು ಕೊನೆಯಲ್ಲಿ ಗುಂಡುಸೂಜಿಯ ತಲೆಯಷ್ಟು ಹನಿಯನ್ನು ಇಡುತ್ತಾರೆ. ಇನ್ನೊಂದು ಗಾಜಿನ ಅಂಚನ್ನು ಓರೆಯಾಗಿ ಹಿಡಿದು ಹಿಂದಕ್ಕೆ ಎಳೆದು ಹನಿಗೆ ತಾಗಿಸಿದೊಡನೆ ನೆತ್ತರು ಅಂಚಿನುದ್ದಕ್ಕೂ ಹರಡಿಕೊಳ್ಳುತ್ತದೆ. ಆಗ ತಡೆಯದೆ, ಒತ್ತದೆ, ಒಂದೇ ಚಾಲಿನಲ್ಲಿ ಮುಂದಕ್ಕೆ ದೂಡಬೇಕು. ಗಾಜಿನ ಮೇಲೆ ನಾಲಿಗೆಯ ಆಕಾರದ ಪೊರೆಯೊಂದು ಮೂಡುತ್ತದೆ. ಅದರ ತುದಿಯ ಭಾಗದಲ್ಲಿ ಕಣಗಳು ಒಂದರ ಮೇಲೊಂದು ಏರದೆ, ಕಣದಲ್ಲಿ ಹರಡಿದ ಕಾಳಿನಂತೆ ಒಂದೇ ಪದರವಾಗಿ ಕುಳಿತಿರುತ್ತವೆ. ಗಾಜಿಗೆ ಬೆರಳಿನ ಜಿಡ್ಡು ತಾಗಿದ್ದರೆ ಪೊರೆಯಲ್ಲಿ ತೂತುಗಳಾಗುತ್ತವೆ. ಬೆಂಕಿಯ ಬಳಿ ಹಿಡಿದು ಒಣಗಿಸಿದರೆ ಕಣಗಳು ಮುದುಡುತ್ತವೆ. ಹೇಳುವುದಕ್ಕೆ ಒಂದು ನಿಮಿಷದ ಕೆಲಸ; ಕೈ ಪಳಗುವುದಕ್ಕೆ ನೂರು ಗಾಜುಗಳಾದರೂ ಬೇಕು.

ಈ ಪೊರೆಗೆ ಹಾಕುವ ಬಣ್ಣದ ಕಥೆ ಸೊಗಸಾಗಿದೆ. ನೀಲಿಯೊಂದನ್ನೇ ಹಾಕಿದರೆ ನೆತ್ತರಿನ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ. ಇಯೋಸಿನ್ ಎಂಬ ಕೆಂಪು ಬಣ್ಣವು ಆಮ್ಲ ಗುಣದ್ದು. ಅದು ಕೆಂಪು ಕಣಗಳ ಹಿಮೊಗ್ಲೋಬಿನನ್ನು ಹಿಡಿಯುತ್ತದೆ. ಎರಡನ್ನೂ ಬೆರೆಸಿದರೆ ನೀಲಿ, ಕೆಂಪುಗಳ ಜೊತೆಗೆ ನೇರಳೆಯ ಛಾಯೆಗಳೂ ಹುಟ್ಟುವುದನ್ನು ರಷ್ಯದ ರೊಮನೋವ್ಸ್ಕಿ 1891ರಲ್ಲಿ ತೋರಿಸಿದನು. ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಲೀಶ್‌ಮನ್ 1901ರಲ್ಲಿ ಇದನ್ನು ಸುಲಭಗೊಳಿಸಿದನು. ಅವನ ಬಣ್ಣ ಮೆತಿಲ್ ಮದ್ಯಸಾರದಲ್ಲಿ ಕರಗಿರುವುದರಿಂದ ಮೊದಲ ಎರಡು ನಿಮಿಷಗಳಲ್ಲಿ ಕಣಗಳನ್ನು ಗಾಜಿಗೆ ಅಂಟಿಸಿ ನಿಲ್ಲಿಸುತ್ತದೆ. ಆಮೇಲೆ ಎರಡರಷ್ಟು ನೀರು ಬೆರೆಸಿದಾಗ, ಎಂಟು ಹತ್ತು ನಿಮಿಷಗಳಲ್ಲಿ, ಬಣ್ಣವನ್ನು ಹಿಡಿಸುತ್ತದೆ. ಭಾರತದಲ್ಲಿಯೇ ಹುಟ್ಟಿದ ಇನ್ನೊಂದು ಬಣ್ಣವೂ ಉಂಟು. ಜಸವಂತ ಸಿಂಗ್ ಮತ್ತು ಭಟ್ಟಾಚಾರ್ಜಿ ಎಂಬ ಇಬ್ಬರು 1944ರಲ್ಲಿ ಪ್ರಕಟಿಸಿದ ಇದು ನೀರಿನಲ್ಲಿ ಕರಗುವಂತಹುದು, ಬೇಗನೆ ಹಿಡಿಯುವಂತಹುದು. ಅವರ ಹೆಸರುಗಳ ಮೊದಲಕ್ಷರಗಳಿಂದ ಅದಕ್ಕೆ 'ಜೆ.ಎಸ್.ಬಿ.' ಎಂದು ಹೆಸರಾಯಿತು. ನಮ್ಮ ದೇಶದ ಮಲೇರಿಯಾ ಮತ್ತು ಆನೆಕಾಲು ರೋಗದ ಪರೀಕ್ಷೆಗಳಲ್ಲಿ ಅದರ ಬಳಕೆ ಬಹಳ.

ಬಣ್ಣ ಹಾಕಿದ ಪೊರೆಯ ಮೇಲೆ ವಿಶೇಷವಾದ ಎಣ್ಣೆಯ ಒಂದು ತೊಟ್ಟನ್ನು ಇಟ್ಟು, ನೂರರ ಮಸೂರವನ್ನು ಅದರಲ್ಲಿ ಮುಳುಗಿಸಿ ನೋಡುತ್ತಾರೆ. ಬೆಳಕು ಗಾಜಿನಿಂದ ಗಾಳಿಗೆ ಬರುವಾಗ ಬಾಗಿ ಹೊರಗೆ ಚದರಿ ಹೋಗುತ್ತದೆ. ಎಣ್ಣೆಯಲ್ಲಿ ಬೆಳಕು ಗಾಜಿನಲ್ಲಿ ಹರಿಯುವಂತೆಯೇ ಹರಿಯುವುದರಿಂದ ಅಷ್ಟೂ ಮಸೂರದೊಳಕ್ಕೆ ಸೇರುತ್ತದೆ. ಆಗ ಸಾವಿರ ಪಟ್ಟು ಹಿಗ್ಗಿದ ಕೆಂಪು ಕಣಗಳು ನಸುಗೆಂಪು ಬಿಲ್ಲೆಗಳಂತೆ, ನಡುವೆ ಮಾಸಲಾಗಿ, ಕಣ್ಣಿನ ವೃತ್ತವನ್ನೆಲ್ಲ ತುಂಬಿರುತ್ತವೆ. ಕೆನ್ನೆಯ ಕೋಶದಲ್ಲಿ ಕಂಡ ನೀಲಿ ಬೊಟ್ಟು ಇವುಗಳಲ್ಲಿ ಇಲ್ಲ. ಆಮ್ಲಜನಕ ಹೊರುವ ಒಂದೇ ಕೆಲಸಕ್ಕಾಗಿ ಅವು ತಮ್ಮ ಕೋಶಕೇಂದ್ರವನ್ನೇ ತೊರೆದಿವೆ; ಅದಕ್ಕೆ ತೆರುವ ಬೆಲೆಯಾಗಿ ಸುಮಾರು 120 ದಿನಗಳಲ್ಲಿ ಸವೆದು ಸಾಯುತ್ತವೆ. ಆರೋಗ್ಯವಂತನಾದ ವಯಸ್ಕನ ದೇಹದಲ್ಲಿ ಸುಮಾರು 25 ಲಕ್ಷ ಕೋಟಿ ಕೆಂಪು ಕಣಗಳಿವೆ. ಕಾಗದ ಪೆನ್ಸಿಲು ಹಿಡಿದು ಲೆಕ್ಕ ಮಾಡಿರಿ: ಒಂದೊಂದು ಕ್ಷಣಕ್ಕೆ ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಕಣಗಳು ಅಳಿದು, ಅಷ್ಟೇ ಹೊಸವು ಹುಟ್ಟಬೇಕಾಗುತ್ತದೆ.

ಆರೇಳು ನೂರು ಕೆಂಪು ಕಣಗಳಿಗೆ ಒಂದರಂತೆ ಬಿಳಿಯ ಕಣ ಸಿಗುತ್ತದೆ. ಒಂದರಲ್ಲಿ ಮೂರು ನಾಲ್ಕು ಹೋಳಾದ ನೇರಳೆ ಕೇಂದ್ರ. ಇನ್ನೊಂದರಲ್ಲಿ ಇಡೀ ಕಣವನ್ನು ತುಂಬಿದ ದುಂಡು ಕೇಂದ್ರ, ಅದರ ಸುತ್ತ ಆಕಾಶನೀಲಿಯ ತೆಳು ಅಂಚು. ಮತ್ತೊಂದರಲ್ಲಿ ಕಿತ್ತಳೆ ಬಣ್ಣದ ಹರಳುಗಳು. ಈ ಕೊನೆಯವಕ್ಕೆ ಇಯೋಸಿನೋಫಿಲ್ ಎಂದು ಹೆಸರು. ದೇಹದಲ್ಲಿ ಹುಳುಗಳು ಸೇರಿದಾಗ ಇವುಗಳ ಸಂಖ್ಯೆ ಏರುವುದು ಸಾಮಾನ್ಯ.

ಹುಳುಗಳ ಮಾತು ಬಂದಿತು. ಇನ್ನು ನಡುರಾತ್ರಿಯ ಪ್ರಶ್ನೆಗೆ ಹೋಗಬಹುದು. ಹೋಗುವ ದಾರಿಯಲ್ಲಿ ಹೈದರಾಬಾದಿಗೆ ಒಂದು ಸುತ್ತು ಹಾಕಬೇಕಾಗಿದೆ. 1956ರ ನವೆಂಬರ್ 1ರವರೆಗೆ ಆಳಂದ, ಅಫಜಲಪುರ, ಜೇವರ್ಗಿಗಳು ಗುಲ್ಬರ್ಗಾ ಜಿಲ್ಲೆಯೊಡನೆ ಹೈದರಾಬಾದು ಸಂಸ್ಥಾನಕ್ಕೂ ಆಮೇಲೆ ಅದೇ ಹೆಸರಿನ ರಾಜ್ಯಕ್ಕೂ ಸೇರಿದ್ದವು. ಆ ಸಂಸ್ಥಾನದ ಸಿಕಂದರಾಬಾದಿನ ದಂಡಿನಲ್ಲಿ ಸೇನಾವೈದ್ಯನಾಗಿದ್ದ ರೊನಾಲ್ಡ್ ರಾಸ್ ಎರಡು ವರ್ಷಗಳ ಕಾಲ ಸೊಳ್ಳೆಗಳನ್ನು ಕೊಯ್ದು ಕೊಯ್ದು ನೋಡಿದನು. ಸೆಕೆಯಲ್ಲಿ ಹಣೆಯ ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಬೀಸಣಿಗೆ ಬೀಸಿದರೆ ಸೊಳ್ಳೆಯ ಚೂರುಗಳು ಹಾರಿ ಹೋಗುತ್ತಿದ್ದವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಕಚ್ಚಿಸಿಕೊಂಡ ಪ್ರತಿ ಸೊಳ್ಳೆಗೆ ಒಂದಾಣೆಯಂತೆ ಪಡೆದು, ತನ್ನ ನೆತ್ತರನ್ನು ಒದಗಿಸಿದನು. 1897ರ ಆಗಸ್ಟ್ 20ರಂದು ಅಂತಹ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ರಾಸ್ ಮಲೇರಿಯಾದ ಕಪ್ಪು ಕಣಗಳಿದ್ದ ಕೋಶಗಳನ್ನು ಕಂಡನು. 1902ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಹುಸೇನ್ ಖಾನನ ಪಾಲಿಗೆ ಬಂದದ್ದು ಕೆಲವು ಆಣೆಗಳು; ಆದರೂ ಅವನ ಹೆಸರು ಚರಿತ್ರೆಯಲ್ಲಿ ಉಳಿದಿರುವುದು ಸಮಾಧಾನದ ಸಂಗತಿ.

ಸೊಳ್ಳೆಯನ್ನು ನೋಡೆಂದು ರಾಸನಿಗೆ ಹೇಳಿಕೊಟ್ಟ ಗುರು ಪ್ಯಾಟ್ರಿಕ್ ಮ್ಯಾನ್ಸನ್. ಅವನಿಗೆ ಸೊಳ್ಳೆಯ ಗುಟ್ಟು ತಿಳಿದದ್ದು ಆನೆಕಾಲು ರೋಗದ ಹುಳುವಿನಿಂದ. ಈ ಹುಳುವಿನ ಮರಿಗಳನ್ನು ಮನುಷ್ಯನ ನೆತ್ತರಿನಲ್ಲಿ ಮೊದಲು ಕಂಡದ್ದು ನಮ್ಮ ದೇಶದಲ್ಲಿಯೇ, 1872ರಲ್ಲಿ, ಕಲ್ಕತ್ತೆಯಲ್ಲಿ. ಕಂಡವನು ತಿಮೊಥಿ ಲೂಯಿಸ್. ಚೀನದ ಅಮಾಯ್ ಬಂದರಿನಲ್ಲಿ ವೈದ್ಯನಾಗಿದ್ದ ಮ್ಯಾನ್ಸನ್ 1877ರಲ್ಲಿ ಆ ಮರಿಗಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ತೋರಿಸಿದನು. ಅದಾದ ಸ್ವಲ್ಪ ಕಾಲದಲ್ಲಿಯೇ, ಹಗಲೂ ಇರುಳೂ ಸರದಿಯಂತೆ ರೋಗಿಗಳ ನೆತ್ತರನ್ನು ನೋಡಿಸಿದಾಗ ಇನ್ನೂ ಬೆರಗಿನ ಸಂಗತಿ ಹೊರಬಿದ್ದಿತು. ಹಗಲಿನ ನೆತ್ತರಿನಲ್ಲಿ ಮರಿಗಳೇ ಇಲ್ಲ. ಸಂಜೆಯಾದಂತೆ ಒಂದೆರಡು ಕಾಣಿಸಿಕೊಂಡು, ನಡುರಾತ್ರಿಯ ಆಸುಪಾಸಿನಲ್ಲಿ ಹಿಂಡುಹಿಂಡಾಗಿ ಬಂದು, ಬೆಳಗಾಗುವುದರೊಳಗೆ ಮರೆಯಾಗುತ್ತವೆ. ಹಗಲೆಲ್ಲ ಅವು ಪುಪ್ಪುಸದ ಕಿರುನಾಳಗಳಲ್ಲಿ ಅಡಗಿರುತ್ತವೆಂಬುದು ಬಳಿಕ ತಿಳಿಯಿತು. ಈ ಹುಳುವನ್ನು ನಮ್ಮಲ್ಲಿ ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದು ರಾತ್ರಿಯ ವೇಳೆ. ಅತಿಥಿ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುವಂತೆ, ಸೊಳ್ಳೆ ಬರುವ ಹೊತ್ತಿಗೆ ಮರಿಗಳು ಚರ್ಮದ ಕೆಳಗಿನ ನಾಳಗಳಿಗೆ ಬಂದಿರುತ್ತವೆ. ಹಗಲು ಬರಬಾರದೇ ಎಂದು ಕೇಳಿದ ಯಜಮಾನರಿಗೆ ಉತ್ತರ ಇದು.

ಮ್ಯಾನ್ಸನ್ ಒಂದು ಕಡೆ ಎಡವಿದನೆಂಬುದನ್ನೂ ಹೇಳಬೇಕು. ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದ ಮನುಷ್ಯನಿಗೆ ರೋಗ ಬರುತ್ತದೆಂದು ಅವನು ನಂಬಿದ್ದನು. ಮರಿಗಳು ಸೊಳ್ಳೆಯ ಸೊಂಡಿಲಿಗೇ ಬಂದು ಸೇರುವುದನ್ನು 1900ರಲ್ಲಿ ಜಾರ್ಜ್ ಲೋ ಕಂಡಮೇಲೆ ದಾರಿ ಸ್ಪಷ್ಟವಾಯಿತು.

ಈ ರೋಗ ನಮಗೆ ದೂರದ್ದಲ್ಲ. ಕರ್ನಾಟಕದಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಜಿಲ್ಲೆಗಳೂ ಕರಾವಳಿಯ ಮೂರು ಜಿಲ್ಲೆಗಳೂ ಆನೆಕಾಲು ರೋಗದ ನೆಲೆಗಳೆಂದು ಗುರುತಾಗಿವೆ. ವೂಚೆರೇರಿಯ ಬ್ಯಾಂಕ್ರಾಫ್ಟಿ ಎಂಬ ಹುಳುವಿನ ಹೆಣ್ಣು ಎಂಟು ಹತ್ತು ಸೆಂಟಿಮೀಟರು ಉದ್ದ, ನೂಲಿನಷ್ಟು ತೆಳು. ಅದು ದುಗ್ಧನಾಳಗಳಲ್ಲಿ ಐದಾರು ವರ್ಷವೋ ಇನ್ನೂ ಹೆಚ್ಚು ಕಾಲವೋ ಬದುಕಿದ್ದು, ಲಕ್ಷಗಟ್ಟಲೆ ಮರಿಗಳನ್ನು ಹಾಕುತ್ತದೆ. ನಾಳಗಳು ಕೆಟ್ಟಾಗ ಕಾಲು ಬಾಯುತ್ತದೆ, ಗಂಡಸರಿಗೆ ವೃಷಣದಲ್ಲಿ ನೀರು ತುಂಬುತ್ತದೆ. ಆ ಸ್ಥಿತಿಗೆ ಬರಲು ಹಲವು ವರ್ಷಗಳು ಹಿಡಿಯುತ್ತವೆ. ಕಾಲು ಊದಿದವನನ್ನು ಊರೆಲ್ಲ ನೋಡಿ ಮರುಗುತ್ತದೆ, ಕೆಲವೊಮ್ಮೆ ದೂರವೂ ಇಡುತ್ತದೆ. ಆದರೆ ಅವನ ನೆತ್ತರಿನಲ್ಲಿ ಆ ಹೊತ್ತಿಗೆ ಮರಿಗಳೇ ಇಲ್ಲದಿರುವುದು ಸಾಮಾನ್ಯ. ಮರಿಗಳು ತುಂಬಿರುವುದು ಗಟ್ಟಿಮುಟ್ಟಾಗಿ ಎತ್ತು ಹೂಡುವ ಪಕ್ಕದ ಮನೆಯವನ ನೆತ್ತರಿನಲ್ಲಿ. ಅವನಿಗೆ ನೋವಿಲ್ಲ, ಜ್ವರವಿಲ್ಲ. ತನ್ನಿಂದ ರೋಗ ಹರಡುತ್ತಿದೆಯೆಂಬ ಸುಳಿವೂ ಇಲ್ಲ.

ಅವನ ಬೆರಳಿನಿಂದ ತೆಗೆದ ಇಪ್ಪತ್ತು ಘನ ಮಿಲಿಮೀಟರು ನೆತ್ತರಿನಲ್ಲಿ ಸುಮಾರು ಹತ್ತು ಕೋಟಿ ಕೆಂಪು ಕಣಗಳಿರುತ್ತವೆ. ಅವುಗಳ ನಡುವೆ ಮರಿ ಒಂದೇ ಇರಬಹುದು. ಮೇಲೆ ಹೇಳಿದ ತೆಳು ಪೊರೆ ಇಲ್ಲಿ ಪ್ರಯೋಜನವಿಲ್ಲ. ಅದರಲ್ಲಿ ಹಿಡಿಯುವ ನೆತ್ತರು ತೀರ ಕಡಿಮೆ. ಆದುದರಿಂದ ಹನಿಯನ್ನು ದಪ್ಪವಾಗಿಯೇ ಬಳಿಯುತ್ತಾರೆ. ದಪ್ಪ ಪೊರೆಯೊಳಗೆ ಬೆಳಕು ಹಾಯುವುದು ಹೇಗೆ? ಉಪಾಯ ಸರಳವಾದುದು. ಮದ್ಯಸಾರದಿಂದ ಕಣಗಳನ್ನು ಸ್ಥಿರಗೊಳಿಸದೆ, ಒಣಗಿದ ಗಾಜನ್ನು ಬರಿಯ ನೀರಿನಲ್ಲಿ ಅದ್ದುತ್ತಾರೆ. ಕೆಂಪು ಕಣಗಳು ನೀರು ಕುಡಿದು ಒಡೆಯುತ್ತವೆ, ಹಿಮೊಗ್ಲೋಬಿನ್ ಕರಗಿ ಹೋಗುತ್ತದೆ, ಹತ್ತು ಕೋಟಿ ಕಣಗಳು ಮರೆಯಾಗುತ್ತವೆ. ತೂರಿದಾಗ ಹೊಟ್ಟು ಹಾರಿ ಕಾಳು ಉಳಿಯುವಂತೆ ಬಿಳಿಯ ಕಣಗಳ ಕೇಂದ್ರಗಳೂ ಹುಳುವಿನ ಮರಿಯೂ ಉಳಿಯುತ್ತವೆ. ಕೆನ್ನೆಯ ಕೋಶಕ್ಕೆ ಬೇಡವೆಂದ ಬರಿಯ ನೀರು ಇಲ್ಲಿ ಬೇಕೇಬೇಕು. ಬಿಸಿಲು ನಲವತ್ತು ಡಿಗ್ರಿ ಮೀರುವ ನಾಡಿನಲ್ಲಿ ಗಾಜುಗಳನ್ನು ಕಾಯುವಂತೆ ಬಿಟ್ಟರೆ, ಅಥವಾ ಹಲವು ದಿನ ಹಾಗೆಯೇ ಇಟ್ಟರೆ, ಪೊರೆ ಗಟ್ಟಿಯಾಗಿ ಕೆಂಪು ಕಣಗಳು ಒಡೆಯುವುದೇ ಇಲ್ಲ. ಆ ಮೇಲೆ ಎಷ್ಟು ನೋಡಿದರೂ ಕೆಂಪು ಮಬ್ಬೇ.

ಜೆ.ಎಸ್.ಬಿ. ಬಣ್ಣ ಹಾಕಿದ ಮೇಲೆ ಮರಿಯನ್ನು ನೋಡಲು ನೂರು ಪಟ್ಟು ಹಿಗ್ಗಿಸಿದರೆ ಸಾಕು. ಮರಿಯ ಉದ್ದ ಸುಮಾರು 260 ಮೈಕ್ರಾನು, ಅಂದರೆ ಮೂವತ್ತೈದು ಕೆಂಪು ಕಣಗಳ ಸಾಲಿನಷ್ಟು. ನೀಲಿ ನೂಲಿನ ತುಂಡೊಂದು ನಯವಾಗಿ ಬಾಗಿ ಬಿದ್ದಂತೆ ಕಾಣುತ್ತದೆ. ಕಷ್ಟವಿರುವುದೂ ಅಲ್ಲಿಯೇ: ಹತ್ತಿಯ ಎಳೆಯೊಂದು ಗಾಜಿನ ಮೇಲೆ ಬಿದ್ದಿದ್ದರೆ ಅದೂ ನೀಲಿ ನೂಲೇ. ಆಗ ನಲವತ್ತರ ಮಸೂರವನ್ನು ತಿರುಗಿಸಬೇಕು. ಮರಿಯಾದರೆ ಅದರ ಉದ್ದಕ್ಕೂ ಮಣಿಸರದಂತೆ ಕೋಶಕೇಂದ್ರಗಳ ಸಾಲಿರುತ್ತದೆ. ಎಳೆಯಲ್ಲಿ ಏನೂ ಇರುವುದಿಲ್ಲ. ಕೆನ್ನೆಯ ಕೋಶದ ನಡುವಿನ ನೀಲಿ ಬೊಟ್ಟನ್ನು ಗುರುತಿಸಲು ಕಲಿತ ವಿದ್ಯಾರ್ಥಿಗೆ ಈ ವ್ಯತ್ಯಾಸ ಒಂದು ನೋಟದಲ್ಲಿ ತಿಳಿಯುತ್ತದೆ.

ಒಂದು ಗಾಜನ್ನು ತಪ್ಪಾಗಿ ನೋಡಿದರೆ ಆಗುವ ಹಾನಿಯಾದರೂ ಎಷ್ಟು? ಮಲೇರಿಯಾದ ಜೀವಿ ಸೊಳ್ಳೆಯೊಳಗೆ ಸಾವಿರಪಟ್ಟು ಹೆಚ್ಚುತ್ತದೆ. ಆನೆಕಾಲಿನ ಮರಿಯಾದರೋ ಅಲ್ಲಿ ಬೆಳೆಯುತ್ತದೆಯೇ ಹೊರತು ಹೆಚ್ಚುವುದಿಲ್ಲ. ಒಂದು ಮರಿ ಒಳಹೊಕ್ಕರೆ ಹೊರಬರುವುದು ಒಂದೇ. ಒಬ್ಬನಿಗೆ ರೋಗ ಅಂಟಲು ಸೊಳ್ಳೆಗಳು ಬಹುಕಾಲ, ಬಹು ಸಲ ಕಚ್ಚಬೇಕು. ಹೀಗಿರುವುದರಿಂದ ಊರಿನಲ್ಲಿ ಮರಿ ಹೊತ್ತವರ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿದರೆ ರೋಗದ ಸರಪಣಿ ತಾನಾಗಿಯೇ ಕಡಿಯುವ ಸಂಭವವಿದೆ. ಇದಕ್ಕಾಗಿಯೇ 2004ರಿಂದ ದೇಶದ ರೋಗನೆಲೆಗಳಲ್ಲಿ ಎಲ್ಲರಿಗೂ ವರ್ಷಕ್ಕೊಮ್ಮೆ ಡಿ.ಇ.ಸಿ. ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆದು ಬಂದಿದೆ. ಆಲ್ಬೆಂಡಜೋಲ್ ಆಮೇಲೆ ಜೊತೆಗೂಡಿತು. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರು ಮಾತ್ರ ಇದಕ್ಕೆ ಹೊರತು. 2027ರೊಳಗೆ ರೋಗವನ್ನು ತೊಲಗಿಸಬೇಕೆಂಬುದು ದೇಶದ ಗುರಿ. ಮಾತ್ರೆಯನ್ನು ಮುಂದುವರಿಸಬೇಕೋ ನಿಲ್ಲಿಸಬಹುದೋ ಎಂಬ ತೀರ್ಮಾನದ ಮೊದಲ ಹೆಜ್ಜೆ ಇರುಳಿನ ಗಾಜುಗಳ ಮೇಲೆ ನಿಂತಿದೆ. ಒಂದು ಸ್ಥಳದಲ್ಲಿ ಮುನ್ನೂರು ಮಂದಿಯನ್ನು ಪರೀಕ್ಷಿಸಿದರೆ ನೂರಕ್ಕೆ ಒಂದು ಎಂದರೆ ಮೂರೇ ಗಾಜು. ಮೂರರಲ್ಲಿ ಒಂದನ್ನು ನೊಣವೋ ಜಿರಲೆಯೋ ತಿಂದಿದ್ದರೆ (ಒಣಗಿದ ನೆತ್ತರೆಂದರೆ ಅವಕ್ಕೆ ಬಲು ಇಷ್ಟ), ಅಥವಾ ದಣಿದ ಕಣ್ಣು ತಪ್ಪಿಸಿಕೊಂಡಿದ್ದರೆ, ರೋಗವಿರುವ ಊರು ಇಲ್ಲದ ಊರೆಂದು ದಾಖಲಾಗಬಹುದು.

ಜನರು ಮಾತ್ರೆಯನ್ನು ಕೈಯಲ್ಲಿ ಇಸಿದುಕೊಂಡು ಮಾಡಿನ ಸಂದಿಗೆ ಸಿಕ್ಕಿಸಿಡುವುದೂ ಉಂಟು. ನುಂಗಿದವರಲ್ಲಿ ಕೆಲವರಿಗೆ ಜ್ವರ, ತಲೆನೋವು ಬಂದದ್ದನ್ನು ಕೇಳಿ ಅವರು ಹೆದರಿರುತ್ತಾರೆ. ಮಾತ್ರೆಯಿಂದ ಸತ್ತ ಮರಿಗಳು ನೆತ್ತರಿನಲ್ಲಿ ಕರಗುವಾಗ ಅಂತಹ ಜ್ವರ ಬರುವುದುಂಟು. ಮರಿಗಳು ಹೆಚ್ಚಾಗಿದ್ದವರಲ್ಲಿಯೇ ಇದು ಹೆಚ್ಚು, ಒಂದೆರಡು ದಿನಗಳಲ್ಲಿ ಇಳಿದೂ ಹೋಗುತ್ತದೆ. ಮನೆಯ ಹಿರಿಯರಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿ ಒಪ್ಪಿಸುವುದು ಸುಲಭವಲ್ಲ. ಮರಿಯಿದ್ದ ಗಾಜನ್ನು ಅವರ ಕಣ್ಣಿಗೇ ತೋರಿಸಿದರೆ ಮಾತು ಬೇಕಾಗಲಿಕ್ಕಿಲ್ಲ.

ಈಗ ಬೆರಳಿನ ನೆತ್ತರನ್ನು ಕಾಗದದ ಪಟ್ಟಿಗೆ ಹಾಕಿ, ಹತ್ತು ನಿಮಿಷದಲ್ಲಿ ಹುಳುವಿನ ಸುಳಿವನ್ನು ಹಗಲಿನಲ್ಲಿಯೇ ತಿಳಿಯುವ ಪರೀಕ್ಷೆಯೂ ಬಂದಿದೆ. ಅದು ಪತ್ತೆಮಾಡುವುದು ದೊಡ್ಡ ಹುಳು ಹೊರಸೂಸುವ ವಸ್ತುವನ್ನು. ನೆತ್ತರಿನಲ್ಲಿ ಮರಿಗಳು ಇವೆಯೇ, ಎಷ್ಟಿವೆ ಎಂಬುದನ್ನು ಕಣ್ಣಾರೆ ಕಂಡು ಎಣಿಸುವುದು ಗಾಜಿನ ಪಟ್ಟಿಯಿಂದಲೇ. ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಇಂತಹ ಸಿದ್ಧಪಡಿಸಿದ ಗಾಜುಗಳು ದೊರೆಯುತ್ತವೆ. ನೋಡುವಾಗ ಬಾಲದ ತುದಿಯನ್ನು ಗಮನಿಸಿರಿ. ಕೇಂದ್ರಗಳ ಮಣಿಸರ ತುದಿಗೆ ಮುಟ್ಟುವ ಮೊದಲೇ ನಿಂತಿದ್ದರೆ ಅದು ನಮ್ಮ ಭೀಮಾತೀರದ ಹುಳು. ತುದಿಯವರೆಗೂ ಹೋಗಿ, ಕೊನೆಯಲ್ಲಿ ಎರಡು ಮಣಿಗಳು ಬಿಡಿಯಾಗಿ ಕಂಡರೆ ಅದು ಬ್ರೂಗಿಯ ಮಲಾಯಿ, ಕೇರಳದ ಕೆಲವು ಭಾಗಗಳಲ್ಲಿ ಸಿಕ್ಕುವ ಇನ್ನೊಂದು ಜಾತಿ.